ಇದ್ದುದರಲ್ಲಿ ತೃಪ್ತಿ, ಬಂದುದಕ್ಕೆ ಸ್ತೋತ್ರ: ಉತ್ತರ ಕನ್ನಡದ ಕ್ರೈಸ್ತ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ, ವಾರ್ಡಿನ ಪ್ರಾರ್ಥನೆಗಳಲ್ಲಿ, ಪತ್ರಗಳಲ್ಲಿ ಕೇಳಿಬಂದ ಪ್ರಶ್ನೆಗಳಿವು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವರೂ ಘಟ್ಟದ ಮೇಲಿನ ಶಿರಸಿ, ಯಲ್ಲಾಪುರದವರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇವೆ. ಬೈಬಲಿನ ಮಾತುಗಳ ಸಾರವನ್ನಷ್ಟೇ ಕೊಟ್ಟು ಅಧ್ಯಾಯ, ವಚನದ ಸಂಖ್ಯೆ ಹಾಕಿದ್ದೇವೆ. ಪೂರ್ತಿ ಭಾಗವನ್ನು ತೆರೆದು ಓದಿಕೊಳ್ಳಿ.

## ಮೊದಲಿಗೆ ಬರುವ ಪ್ರಶ್ನೆಗಳು

ತೃಪ್ತಿ ಅಂದ್ರೆ ‘ಇದ್ದದ್ದೇ ಸಾಕು’ ಅಂತ ಕೈಕಟ್ಟಿ ಕೂರೋದಾ?

ಅಲ್ಲ. ತೃಪ್ತಿಯ ಮಾತು ಬಂದಾಗಲೆಲ್ಲ ನಾವು ಓದುವುದು ಅಪೊಸ್ತಲ ಪೌಲನ ಪತ್ರವನ್ನು (ಫಿಲಿಪ್ಪಿ 4:11-12). ಅದನ್ನು ಬರೆಯುವಾಗ ಅವನು ಸೆರೆಯಲ್ಲಿದ್ದ. ಇದೇ ಪೌಲ ಕೊರಿಂಥದಲ್ಲಿ ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದವನು (ಅಪೊಸ್ತಲರ ಕೃತ್ಯಗಳು 18:3). ದುಡಿಯಲು ಮನಸ್ಸಿಲ್ಲದವನು ಉಣ್ಣಲೂ ಬಾರದು ಎಂದವನೂ ಇವನೇ (2 ಥೆಸಲೊನೀಕ 3:10). ಸೋಮಾರಿತನಕ್ಕೆ ಪೌಲನ ಹೆಸರು ಹೇಳುವ ಹಾಗಿಲ್ಲ.

ಆ ವಚನ ಓದುವಾಗ ಎರಡು ಸಂಗತಿ ಕಣ್ತಪ್ಪುತ್ತವೆ. ತೃಪ್ತನಾಗಿರುವುದನ್ನು ‘ಕಲಿತುಕೊಂಡೆ’ ಎನ್ನುತ್ತಾನೆ, ಅಂದರೆ ಅದು ಹುಟ್ಟುಗುಣವಲ್ಲ, ರೂಢಿಯಿಂದ ಬಂದದ್ದು. ಇನ್ನೊಂದು, ಹಸಿದಿರುವುದನ್ನು ಕಲಿತ ಹಾಗೆಯೇ ಹೊಟ್ಟೆತುಂಬ ಇರುವುದನ್ನೂ ಕಲಿತೆ ಎನ್ನುತ್ತಾನೆ. ನಮ್ಮಲ್ಲಿ ತೃಪ್ತಿಯ ಪಾಠವನ್ನು ಬಡವರಿಗೆ ಮಾತ್ರ ಹೇಳುವ ವಾಡಿಕೆ ಬೆಳೆದುಬಿಟ್ಟಿದೆ. ಕೈತುಂಬ ಇದ್ದವರಿಗೆ ಆ ಪಾಠ ಇನ್ನೂ ಕಷ್ಟ.

‘ನನ್ನನ್ನು ಬಲಪಡಿಸುವಾತನಿಂದ ಎಲ್ಲಕ್ಕೂ ಶಕ್ತನು’ ಅನ್ನೋದನ್ನ ಬೋಟಿನ ಮೇಲೆ, ಹಾಲ್ ಟಿಕೆಟ್ ಮೇಲೆ ಬರೆಸ್ತಾರಲ್ಲ, ಸರಿಯಾ?

ಬರೆಸಲಿ, ತಪ್ಪೇನಿಲ್ಲ. ಆದರೆ ಫಿಲಿಪ್ಪಿ 4:13 ಹಿಂದಿನ ಎರಡು ವಚನಗಳ ಮುಂದುವರಿಕೆ. ಅಲ್ಲಿ ‘ಎಲ್ಲ’ ಎಂದರೆ ಕೊರತೆ, ಸಮೃದ್ಧಿ ಎರಡನ್ನೂ ತಾಳಿಕೊಳ್ಳುವುದು. ಬಲೆ ತುಂಬುತ್ತದೆ, ರ್‍ಯಾಂಕ್ ಬರುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಬಲೆ ಬರಿದಾಗಿ ಬಂದರೂ ಮುರಿದು ಬೀಳುವುದಿಲ್ಲ ಎಂಬುದಿದೆ.

ಹಣ ಇರೋದೇ ಪಾಪ ಅಂತಾರೆ. ಹೌದಾ?

ಕೇಡಿಗೆ ಮೂಲ ಎಂದು ಹೇಳಿರುವುದು ಹಣದಾಸೆಯನ್ನು (1 ತಿಮೊಥೆ 6:10). ಅದೇ ಅಧ್ಯಾಯದ 17ನೇ ವಚನದಲ್ಲಿ, ನಮ್ಮ ಅನುಭೋಗಕ್ಕಾಗಿ ಎಲ್ಲವನ್ನೂ ಹೇರಳವಾಗಿ ಕೊಡುವವನು ದೇವರೇ ಎಂದಿದೆ. ಯೇಸುವಿನ ದೇಹಕ್ಕೆ ತನ್ನ ಸಮಾಧಿಯನ್ನೇ ಬಿಟ್ಟುಕೊಟ್ಟ ಅರಿಮಥಾಯದ ಯೋಸೇಫ ಐಶ್ವರ್ಯವಂತ (ಮತ್ತಾಯ 27:57-60). ಪೌಲನನ್ನು ಮನೆಗೆ ಕರೆದು ಇರಿಸಿಕೊಂಡ ಲುದ್ಯ ಬೆಲೆಬಾಳುವ ಕೆನ್ನೀಲಿ ಬಟ್ಟೆಯ ವ್ಯಾಪಾರಿ (ಅಪೊಸ್ತಲರ ಕೃತ್ಯಗಳು 16:14-15). ಬಂಗಡೆ ಸಾರು, ಒಳ್ಳೆ ಸೀರೆ, ಸೋರದ ಮಾಡು, ಇವನ್ನು ಅಪರಾಧಭಾವದಿಂದ ಅನುಭವಿಸುವುದೂ ಕೃತಜ್ಞತೆಯ ಲಕ್ಷಣವಲ್ಲ.

ದಿನಾ ಊಟದ ಮೊದಲು ಪ್ರಾರ್ಥನೆ ಹೇಳ್ತೇವೆ. ಅಷ್ಟು ಸಾಕಲ್ವಾ?

ಒಳ್ಳೆಯ ರೂಢಿ, ಬಿಡಬೇಡಿ. ಆದರೆ ಹಸಿದಾಗ ದೇವರ ನೆನಪು ತಾನಾಗಿ ಬರುತ್ತದೆ, ಉಂಡ ಮೇಲೆ ಹಾರಿಹೋಗುತ್ತದೆ. ಅದಕ್ಕೇ ಧರ್ಮೋಪದೇಶಕಾಂಡ 8:10 ಹೇಳುವುದು ಉಂಡು ತೃಪ್ತರಾದ ಮೇಲೆ ಕೊಂಡಾಡಿ ಎಂದು. ಯೆಹೂದ್ಯರು ಇಂದಿಗೂ ಊಟದ ನಂತರ ದೀರ್ಘವಾದ ಸ್ತೋತ್ರ ಹೇಳುತ್ತಾರೆ.

ಮನೆಯಲ್ಲಿ ಹೀಗೆ ಮಾಡಬಹುದು. ರಾತ್ರಿ ಊಟವಾದ ಮೇಲೆ ತಟ್ಟೆ ಎತ್ತುವ ಮೊದಲು ಒಂದೇ ನಿಮಿಷ. ಒಬ್ಬೊಬ್ಬರೂ ಆ ದಿನ ಬಂದ ಒಂದೇ ಒಂದು ವಸ್ತುವನ್ನು ಹೆಸರಿಟ್ಟು ಹೇಳಬೇಕು, ಅದು ಯಾರ ಕೈಯಿಂದ ಬಂತು ಎಂಬುದನ್ನೂ ಸೇರಿಸಬೇಕು: ಬುಟ್ಟಿ ಹೊತ್ತು ಬಂದ ಮೀನು ಮಾರುವ ಅಮ್ಮ, ಗದ್ದೆ ನಟ್ಟವರು, ಬೆಳಿಗ್ಗೆ ಕಾಯಿ ತುರಿದ ಅತ್ತೆ. ‘ಎಲ್ಲದಕ್ಕೂ ಸ್ತೋತ್ರ’ ಎಂಬ ಗಂಟುಮೂಟೆಯ ಮಾತು ಬೇಡ, ಎರಡೇ ವಾರದಲ್ಲಿ ಅದು ಬರೀ ಬಾಯಿಪಾಠವಾಗುತ್ತದೆ. ಈ ಕ್ರಮ ನಿಂತುಹೋಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಅಪ್ಪ ಅದನ್ನು ಹತ್ತು ನಿಮಿಷದ ಪ್ರಸಂಗ ಮಾಡುತ್ತಾನೆ, ಇಲ್ಲವೆ ಟಿವಿ ಆರಿಸಿರುವುದಿಲ್ಲ.

ಹಾಗಾದ್ರೆ ಎಷ್ಟಿದ್ರೆ ‘ಸಾಕು’? ಒಂದು ಲೆಕ್ಕ ಹೇಳಿ.

ಎಲ್ಲರಿಗೂ ಒಂದೇ ಅಂಕಿ ಇಲ್ಲ, ಆದರೆ ಅಂಕಿಯೇ ಇಲ್ಲದ ತೃಪ್ತಿ ಗಾಳಿಗೋಪುರ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಸುರಿದಾಗ ದೇವರು ಅಳತೆಯನ್ನೇ ಕೊಟ್ಟ: ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರ್ (ವಿಮೋಚನಕಾಂಡ 16:16). ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರೆಯಾಗಲಿಲ್ಲ. ನಾಳೆಗಿರಲಿ ಎಂದು ಅಡಗಿಸಿಟ್ಟದ್ದಕ್ಕೆ ಹುಳ ಬಿತ್ತು. ಜ್ಞಾನೋಕ್ತಿಯ ಆಗೂರ ಬಡತನವೂ ಬೇಡ, ಐಶ್ವರ್ಯವೂ ಬೇಡ, ನನ್ನ ಪಾಲಿನ ಆಹಾರ ಕೊಡು ಎಂದು ಬೇಡಿ, ಕಾರಣವನ್ನೂ ಕೊಡುತ್ತಾನೆ: ಹೊಟ್ಟೆ ತುಂಬಿದರೆ ದೇವರನ್ನು ಮರೆತೇನು, ಬರಿದಾದರೆ ಕದ್ದೇನು (30:8-9).

ಮನೆಯ ಓಮೆರ್ ಗೊತ್ತುಮಾಡಿಕೊಳ್ಳಲು ಒಂದು ಸಂಜೆ ಸಾಕು. ಹಿಂದಿನ 12 ತಿಂಗಳ ಪಾಸ್‌ಬುಕ್ಕು, ಫೋನಿನಲ್ಲಿ ಹಣ ಕಳಿಸಿದ ಪಟ್ಟಿ, ಅಂಗಡಿಯ ಸಾಲದ ಪುಸ್ತಕ ಮುಂದಿಟ್ಟುಕೊಂಡು ಗಂಡಹೆಂಡತಿ ಇಬ್ಬರೂ ಕೂರಿ. ತಿಂಗಳು ತಿಂಗಳು ತಪ್ಪದ ಖರ್ಚನ್ನು ಒಂದು ಕಡೆ ಬರೆಯಿರಿ: ಅಕ್ಕಿ, ಮೀನು, ಕಾಯಿ, ಗ್ಯಾಸು, ಕರೆಂಟು, ಶಾಲೆ, ಔಷಧ, ಸಾಲದ ಕಂತು. ವರ್ಷಕ್ಕೊಮ್ಮೆ ಬರುವುದನ್ನು ಇನ್ನೊಂದು ಕಡೆ ಬರೆದು 12ರಿಂದ ಭಾಗಿಸಿ: ಮಳೆಗೆ ಮೊದಲು ಹಂಚು ಕೈಯಾಡಿಸುವುದು, ಕಟ್ಟಿಗೆ, ವಿಮೆ, ಹಬ್ಬ. ಮೂರನೆಯ ಸಾಲು ಬರೆಯುವುದು ಸ್ವಲ್ಪ ಮುಜುಗರ: ಇನ್ನೊಬ್ಬರ ಮನೆಯಲ್ಲಿ ನೋಡಿ ಬಂದು ಕೊಂಡದ್ದು. ಮೊದಲ ಎರಡರ ಮೊತ್ತಕ್ಕೆ ಕಾಯಿಲೆ ಕಸಾಲೆಗೆಂದು ಹತ್ತರಲ್ಲೊಂದು ಪಾಲು ಸೇರಿಸಿ. ಅದೇ ನಿಮ್ಮ ‘ಸಾಕು’. ಮೂರನೆಯ ಸಾಲನ್ನು ಪೂರ್ತಿ ಹೊಡೆದು ಹಾಕಬೇಕಿಲ್ಲ, ಕಣ್ಣೆದುರು ಇದ್ದರೆ ಸಾಕು.

ಈ ಅಂಕಿಯನ್ನು ಸಂಬಳ ಹೆಚ್ಚುವ ಮೊದಲೇ, ಅಡಿಕೆ ಮಾರುವ ಮೊದಲೇ ಬರೆದಿಡಬೇಕು. ಹಣ ಕೈಗೆ ಬಂದ ಮೇಲೆ ಬರೆದರೆ ಬಂದಷ್ಟೂ ‘ಅಗತ್ಯ’ ಆಗಿಬಿಡುತ್ತದೆ. ವರ್ಷಕ್ಕೊಮ್ಮೆ ತಿದ್ದಿ, ಡಿಸೆಂಬರ್ 31ರ ರಾತ್ರಿ ವರ್ಷದ ಕೃತಜ್ಞತಾ ಪೂಜೆಗೆ ಹೋಗುವ ಮೊದಲಾದರೆ ಚೆನ್ನ. ಉತ್ಸಾಹದಲ್ಲಿ ತೀರಾ ಕಡಿಮೆ ಅಂಕಿ ಬರೆದವರ ಲೆಕ್ಕ ಮೂರನೇ ತಿಂಗಳಿಗೇ ಮುರಿಯುತ್ತದೆ. ಗಂಡಸರೊಬ್ಬರೇ ಕೂತು ಬರೆದ ಪಟ್ಟಿಯಲ್ಲಿ ಅಡುಗೆಮನೆಯ ಅರ್ಧ ಖರ್ಚು ಇರುವುದೇ ಇಲ್ಲ.

## ಮನೆ, ಹಬ್ಬ, ಲೆಕ್ಕ

ಜೂನ್, ಜುಲೈ ಬೋಟು ಬಂದ್. ಕೈಯಲ್ಲಿ ಕಾಸಿಲ್ಲದಾಗ ಎಂತದಕ್ಕೆ ಅಂತ ಸ್ತೋತ್ರ ಹೇಳೋದು?

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಪ್ರಕ್ಷುಬ್ಧ. ಇದು ಪ್ರತಿವರ್ಷ ತಾರೀಖು ಹೇಳಿ ಬರುವ ಕೊರತೆ, ಹಾಗಾಗಿ ಇದನ್ನು ಬರೀ ಪ್ರಾರ್ಥನೆಯ ವಿಷಯ ಮಾಡದೆ ಲೆಕ್ಕದ ವಿಷಯವನ್ನೂ ಮಾಡಬೇಕು. ಕೂಡಿಡುವುದು ಅಪನಂಬಿಕೆಯಲ್ಲವೆ ಎಂದು ಕೆಲವರು ಕೇಳುತ್ತಾರೆ. ಮನ್ನದ ಕತೆಯಲ್ಲೇ ಉತ್ತರವಿದೆ: ಆರನೆಯ ದಿನ ಎರಡರಷ್ಟು ಕೂಡಿಸಿಕೊಳ್ಳಿ ಎಂದು ಅಪ್ಪಣೆಯಾಯಿತು, ಮರುದಿನ ಸಬ್ಬತ್ತು ಎಂಬ ವಿಶ್ರಾಂತಿಯ ದಿನ, ಹಾಗೆ ಉಳಿಸಿಟ್ಟದ್ದಕ್ಕೆ ಹುಳ ಬೀಳಲಿಲ್ಲ (ವಿಮೋಚನಕಾಂಡ 16:22-24). ಯಾಕೋಬನ ಮಗ ಯೋಸೇಫ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಸುಭಿಕ್ಷದ ಏಳು ವರ್ಷ ಬೆಳೆಯ ಐದನೇ ಒಂದು ಪಾಲನ್ನು ತೆಗೆದಿಡಿಸಿದ (ಆದಿಕಾಂಡ 41:34). ಗೊತ್ತಿರುವ ಕೊರತೆಗೆ ಗೊತ್ತಿರುವಷ್ಟು ತೆಗೆದಿಡುವುದು ವಿವೇಕ.

ಮನೆಯ ‘ಸಾಕು’ ತಿಂಗಳಿಗೆ 18,000 ರೂಪಾಯಿ ಎಂದಿಟ್ಟುಕೊಳ್ಳಿ. ಎರಡು ತಿಂಗಳಿಗೆ 36,000. ಆಗಸ್ಟಿನಿಂದ ಮೇವರೆಗಿನ ಹತ್ತು ತಿಂಗಳಲ್ಲಿ ತಿಂಗಳಿಗೆ 3,600 ತೆಗೆದಿಟ್ಟರೆ ಆಯಿತು. ಪಾಲು ದಿನದ ಲೆಕ್ಕದಲ್ಲಿ ಬರುವುದರಿಂದ ತಿಂಗಳ ಕೊನೆಗೆ ಕಾಯಬೇಡಿ. ಕಡಲಿಗೆ ಹೋದ ಪ್ರತಿದಿನ 180 ರೂಪಾಯಿ ತೆಗೆದರೆ 20 ದಿನಕ್ಕೆ ಅಷ್ಟಾಗುತ್ತದೆ. ಮನೆಯ ಡಬ್ಬಿಯಲ್ಲಿಟ್ಟರೆ ಕ್ರಿಸ್ಮಸ್ಸಿಗೇ ಖಾಲಿ. ಮಹಿಳಾ ಸಂಘದ ಉಳಿತಾಯದಲ್ಲೋ, ಎಟಿಎಂ ಕಾರ್ಡ್ ಇಲ್ಲದ ಖಾತೆಯಲ್ಲೋ ಇಡಿ. ಇಡೀ ಮೊತ್ತ ಆಗದಿದ್ದರೆ ಜೂನಿನದ್ದಷ್ಟಾದರೂ ಆಗಲಿ, ಸಾಲ ಒಂದು ತಿಂಗಳು ತಡವಾಗಿ ಶುರುವಾಗುತ್ತದೆ.

ಇನ್ನು ಸ್ತೋತ್ರ. ಆ ಎರಡು ತಿಂಗಳು ಬಲೆ ನೇಯಲು, ಎಂಜಿನ್ ಬಿಚ್ಚಲು, ಮನೆಯವರ ಜೊತೆ ಒಟ್ಟಿಗೆ ಉಣ್ಣಲು ಸಿಗುವ ಕಾಲವೂ ಹೌದು. ಆದರೆ ಒಲೆ ಹೊತ್ತದ ಮನೆಗೆ ಹೋಗಿ ಇದನ್ನು ಹೇಳಬೇಡಿ. ಹೋಗುವುದಾದರೆ ಅಕ್ಕಿ ತೆಗೆದುಕೊಂಡು ಹೋಗಿ.

ಮೊಂತಿ ಹಬ್ಬಕ್ಕೆ ಹೊಸ ತೆನೆ ತರಬೇಕು. ನಮಗೆ ಗದ್ದೆಯೇ ಇಲ್ಲ, ಏನು ಮಾಡೋದು?

ಸೆಪ್ಟೆಂಬರ್ 8 ಮರಿಯಮ್ಮನವರ ಜನನದ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಫಾದರ್ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಮನೆಯಲ್ಲಿ ದೇವರ ಪೀಠದ ಮುಂದೆ ಪ್ರಾರ್ಥನೆಯಾದ ಮೇಲೆ ಕೆಲವು ಕಾಳು ಬಿಡಿಸಿ, ಸಿಪ್ಪೆ ತೆಗೆದು, ಅರೆದು ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ. ಹಿರಿಯರು ಮೊದಲು, ಆಮೇಲೆ ಎಲ್ಲರೂ ಒಂದೊಂದು ಗುಟುಕು. ಅಂದಿನ ಊಟಕ್ಕೆ ಮೀನುಮಾಂಸ ಇಲ್ಲ. ದೂರದಲ್ಲಿರುವ ಮಗನಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುವುದೂ ಉಂಟು.

ಚರ್ಚಿನಲ್ಲಿ ಕೊಡುವ ತೆನೆ ಊರಿನ ಯಾವುದೋ ಗದ್ದೆಯದ್ದು. ಆ ಗದ್ದೆ ನಿಮ್ಮದಾಗಬೇಕಿಲ್ಲ, ಆ ಅನ್ನ ಉಣ್ಣುವವರು ನೀವೂ ಹೌದಲ್ಲ. ಪಕ್ಕದವರ ಗದ್ದೆಯಿಂದ ಹೇಳದೆ ಕೇಳದೆ ತೆನೆ ಮುರಿದು ತರುವುದು ಮಾತ್ರ ಬೇಡ. ದೇವರಿಗೆ ಕಳವಿನ ಪ್ರಥಮ ಫಲವೆ!

ಧರ್ಮೋಪದೇಶಕಾಂಡ 26ರಲ್ಲಿ ಇದರ ಮೂಲ ವಿಧಿ ಇದೆ. ಪ್ರಥಮ ಫಲವನ್ನು ಪುಟ್ಟಿಯಲ್ಲಿ ತಂದು ಯಾಜಕನ ಮುಂದಿಟ್ಟು, ನಮ್ಮ ಹಿರಿಯ ಅಲೆಮಾರಿಯಾಗಿದ್ದ, ನಾವು ಐಗುಪ್ತದಲ್ಲಿ ದಾಸರಾಗಿದ್ದೆವು, ದೇವರು ಬಿಡಿಸಿ ತಂದ ಎಂದು ಕುಟುಂಬದ ಚರಿತ್ರೆಯನ್ನು ಬಾಯಿಬಿಟ್ಟು ಹೇಳಬೇಕು. ಆಮೇಲೆ ದೇವಾಲಯದ ಸೇವೆಯ ಕುಲದವರಾದ ಲೇವಿಯರ ಜೊತೆ, ಪರದೇಶಿಯ ಜೊತೆ ಕೂತು ಉಣ್ಣಬೇಕು (26:11). ನಮ್ಮ ಹಬ್ಬದಲ್ಲಿ ಪುಟ್ಟಿ ಉಳಿದಿದೆ, ಕೊನೆಯ ಎರಡು ಸವೆದಿವೆ. ಊಟಕ್ಕೆ ಮೊದಲು ಅಜ್ಜಿಯ ಬಾಯಲ್ಲಿ ಮನೆ ಹೇಗೆ ನಿಂತಿತು ಎಂಬುದನ್ನು ಐದು ನಿಮಿಷ ಹೇಳಿಸಿ. ಪಂಕ್ತಿಗೆ ಹೊರಗಿನವರೊಬ್ಬರನ್ನು ಕರೆಯಿರಿ, ಹೊರರಾಜ್ಯದಿಂದ ಬಂದು ಬೋಟಿನಲ್ಲಿ ದುಡಿಯುವ ಹುಡುಗರು ಬಂದರಿನಲ್ಲೇ ಇದ್ದಾರೆ. ಗದ್ದೆಯಿಲ್ಲದವರು ಹೊಸ ಕೆಲಸದ ಮೊದಲ ಸಂಬಳದ ಒಂದು ಭಾಗವನ್ನೋ ಹಿತ್ತಿಲ ಮೊದಲ ಬಾಳೆಗೊನೆಯನ್ನೋ ಕಾಣಿಕೆಯಾಗಿ ತರಬಹುದು.

ದಶಮಾಂಶ ಕೊಡಲೇಬೇಕಾ? ಡೀಸೆಲ್, ಐಸು ಕಳೆದು ಕೊಡೋದಾ, ಕಳೆಯದೇನಾ?

ಹಳೆ ಒಡಂಬಡಿಕೆಯಲ್ಲಿ ಹತ್ತರಲ್ಲೊಂದು ಪಾಲು ಕಟ್ಟಳೆ (ಯಾಜಕಕಾಂಡ 27:30). ಮೂರು ವರ್ಷಕ್ಕೊಮ್ಮೆ ಅದು ಊರಿನ ಪರದೇಶಿ, ಅನಾಥ, ವಿಧವೆಯರ ಹೊಟ್ಟೆಗೆ ಹೋಗಬೇಕಿತ್ತು (ಧರ್ಮೋಪದೇಶಕಾಂಡ 14:28-29), ದಶಮಾಂಶದ ಬಗ್ಗೆ ಪ್ರಸಂಗ ಮಾಡುವವರು ಇದನ್ನು ಅಷ್ಟಾಗಿ ಓದುವುದಿಲ್ಲ. ಕೆಥೋಲಿಕರಿಗೆ ಧರ್ಮಸಭೆಯ ಅಗತ್ಯಗಳಿಗೆ ಶಕ್ತ್ಯಾನುಸಾರ ನೆರವಾಗುವುದು ಕರ್ತವ್ಯ, ಶೇಕಡಾ ಇಷ್ಟೇ ಎಂದಿಲ್ಲ. ಹಲವು ಪ್ರೊಟೆಸ್ಟಂಟ್ ಸಭೆಗಳು ಹತ್ತನ್ನು ಕಲಿಸುತ್ತವೆ. ಪೌಲನದು ಸರಳ ಕ್ರಮ: ವಾರದ ಮೊದಲ ದಿನ, ಆದಾಯಕ್ಕೆ ತಕ್ಕಂತೆ ತೆಗೆದಿಡಿ (1 ಕೊರಿಂಥ 16:2), ಇಲ್ಲದ್ದಕ್ಕೆ ಲೆಕ್ಕವಿಲ್ಲ, ಇದ್ದುದಕ್ಕೆ ತಕ್ಕಂತೆ ಕೊಟ್ಟರೆ ಸಮರ್ಪಕ (2 ಕೊರಿಂಥ 8:12).

ಬೋಟಿನವರು ಡೀಸೆಲ್, ಐಸು, ರೇಷನ್, ಖಲಾಸಿಗಳ ಪಾಲು ಕಳೆದು ಕೈಗೆ ಉಳಿದದ್ದರ ಮೇಲೆ ಲೆಕ್ಕ ಹಾಕಿದರೆ ಸಾಕು, ಕಳೆಯುವ ಹಣ ನಿಮ್ಮದೇ ಅಲ್ಲ. ಮನೆಖರ್ಚು, ಬೈಕಿನ ಕಂತು ಇವನ್ನು ಕಳೆಯುತ್ತ ಹೋದರೆ ಮಾತ್ರ ಕೊನೆಗೆ ಸೊನ್ನೆ ಉಳಿಯುತ್ತದೆ. ತೋಟದವರು ಗೊಬ್ಬರ, ಮದ್ದು, ಕೂಲಿ ಕಳೆದು ಅಡಿಕೆ ಮಾರಿದ ದಿನವೇ ತೆಗೆದಿಡಲಿ. ಅಭ್ಯಾಸವಿಲ್ಲದವರು ನೂರಕ್ಕೆ ಎರಡರಿಂದ ಶುರುಮಾಡಿ ವರ್ಷಕ್ಕೆ ಒಂದೊಂದು ಏರಿಸಬಹುದು. ಕೆಲಸದವರ ಕೂಲಿ, ಅಂಗಡಿ ಬಾಕಿ ಉಳಿಸಿಕೊಂಡು ಹುಂಡಿಗೆ ಹಾಕುವುದು ಬೇಡ. ಅದು ಇನ್ನೊಬ್ಬರ ಹಣದ ದಾನ.

ಫೋನಿನಲ್ಲಿ ಒಬ್ಬ ಬೋಧಕರು ‘1,000 ಬಿತ್ತಿ, ನೂರರಷ್ಟು ಕೊಯ್ಯಿರಿ’ ಅಂತಾರೆ. ಮಲಾಕಿಯದಲ್ಲೇ ಇದೆಯಂತೆ?

ಮಲಾಕಿಯ 3:10 ಹೇಳುವುದು ದೇವಾಲಯದ ಉಗ್ರಾಣಕ್ಕೆ ಧಾನ್ಯ ತರುವ ಮಾತನ್ನು. ಜನ ಕೊಡುವುದನ್ನು ನಿಲ್ಲಿಸಿದಾಗ ಲೇವಿಯರು ಹೊಟ್ಟೆಪಾಡಿಗೆ ಹೊಲಕ್ಕೆ ಹೋಗಿದ್ದರು (ನೆಹೆಮೀಯ 13:10). ಇಡೀ ಜನಾಂಗಕ್ಕೆ ಹೇಳಿದ್ದನ್ನು ಒಬ್ಬನ ಬ್ಯಾಂಕ್ ಖಾತೆಗೆ ಅಂಟಿಸುವುದು ಸರಿಯಲ್ಲ. ನೂರರಷ್ಟು ಸಿಗುತ್ತದೆ ಎಂಬ ಮಾರ್ಕ 10:30ರಲ್ಲಿ ‘ಹಿಂಸೆಗಳ ಸಹಿತವಾಗಿ’ ಎಂದೂ ಇದೆ. ಅದನ್ನು ಯಾರೂ ಬಿತ್ತನೆಯ ಜಾಹೀರಾತಿನಲ್ಲಿ ಹಾಕುವುದಿಲ್ಲ. ಹಣದ ಲೆಕ್ಕಪತ್ರ ತೋರಿಸದವರು, ಇಂದು ರಾತ್ರಿಯೊಳಗೆ ಕಳಿಸಿ ಎನ್ನುವವರು, ಸಾಲ ಮಾಡಿಯಾದರೂ ಕೊಡಿ ಎನ್ನುವವರು, ಕೊಡದಿದ್ದರೆ ಶಾಪ ಎನ್ನುವವರು, ಇವರಲ್ಲಿ ಒಂದು ಲಕ್ಷಣ ಕಂಡರೂ ಕಳಿಸಬೇಡಿ. ಕೊಟ್ಟು ಬಡ್ಡಿ ಕಾಯುವುದು ವ್ಯಾಪಾರ, ಕೃತಜ್ಞತೆ ಅಲ್ಲ.

ಚಂದಾವರದಲ್ಲಿ ಹರಕೆ ಹೊತ್ತಿದ್ವಿ, ಕೆಲಸ ಆಯ್ತು. ಹರಕೆ ತೀರಿಸಿದ್ರೆ ಮುಗೀತಲ್ಲ?

ಡಿಸೆಂಬರ್ 3ರಂದು ಚಂದಾವರದ ಸಂತ ಫ್ರಾನ್ಸಿಸ್ ಜೇವಿಯರರ ಹಬ್ಬಕ್ಕೆ ಬೇರೆ ಬೇರೆ ಧರ್ಮದವರೂ ಬರುತ್ತಾರೆ, ಹರಕೆ ಹೊತ್ತವರೂ ತೀರಿಸುವವರೂ ಅವರಲ್ಲಿರುತ್ತಾರೆ. ಹೊತ್ತದ್ದನ್ನು ತಡಮಾಡದೆ ತೀರಿಸಿ (ಪ್ರಸಂಗಿ 5:4-5). ಸಂಕಟದ ಹೊತ್ತಿನಲ್ಲಿ ಶಕ್ತಿ ಮೀರಿ ಹೊತ್ತಿದ್ದರೆ ಭಯಪಟ್ಟುಕೊಂಡು ಸಾಲ ಮಾಡಬೇಡಿ. ಕೆಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಖಾಸಗಿ ಹರಕೆಯನ್ನು ತಕ್ಕ ಕಾರಣವಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳೇ ಬಿಡಿಸಿಕೊಡಬಹುದು (ನಿಯಮ 1196), ಸಮನಾದ ಅಥವಾ ಅದಕ್ಕಿಂತ ಒಳ್ಳೆಯ ಕೆಲಸಕ್ಕೆ ನೀವೇ ಬದಲಿಸಿಕೊಳ್ಳಬಹುದು (1197). ಹರಕೆ ತೀರಿಸಿ ‘ಲೆಕ್ಕ ಚುಕ್ತಾ’ ಎಂದುಕೊಳ್ಳುವುದರಲ್ಲಿ ಒಂದು ತೊಡಕಿದೆ. ಕೇಳಿ ಪಡೆದದ್ದು ಒಂದಾದರೆ ಕೇಳದೇ ಬಂದದ್ದು ನೂರು, ಅವಕ್ಕೆ ಹರಕೆಯ ಚೀಟಿಯಿಲ್ಲ.

ಸಾಲ ಮಾಡಿಯಾದ್ರೂ ಮದುವೆ ಜೋರಾಗಿ ಮಾಡ್ಬೇಕಲ್ಲ? ದೇವರು ಕೊಟ್ಟ ಮಗಳು!

ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೆ ಎಂದು ಕೇಳಿದವನು ಯೇಸು (ಲೂಕ 14:28). ರೋಸ್ (ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಮದುವೆ, ಮರುದಿನದ ಊಟ ಸೇರಿ ಮೂರು ದಿನದ ಖರ್ಚು. ಕೈಸಾಲ 2 ಲಕ್ಷ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ 6,000, ವರ್ಷಕ್ಕೆ 72,000, ಅಸಲು ಹಾಗೇ ನಿಂತಿರುತ್ತದೆ. ಬಂಗಾರ ಅಡವಿಟ್ಟರೆ ಬಡ್ಡಿ ಕಡಿಮೆ, ಆದರೆ ಕಟ್ಟದಿದ್ದರೆ ಹರಾಜು. ಅತ್ತೆಯ ಬಳೆ ಅಡವಿಟ್ಟು ಸೊಸೆಗೆ ಬಳೆ ಮಾಡಿಸುವ ವಿಚಿತ್ರವೂ ನಡೆಯುತ್ತದೆ. ನಮ್ಮ ಸಲಹೆ: ಮೊದಲು ಮೊತ್ತ ನಿಗದಿ, ಆಮೇಲೆ ಹಾಲ್, ಕೊನೆಗೆ ಕರೆಯುವವರ ಪಟ್ಟಿ. ಉಲ್ಟಾ ಮಾಡಿದರೆ ಪಟ್ಟಿಯೇ ಮೊತ್ತ ನಿಗದಿ ಮಾಡುತ್ತದೆ. ಕಾನಾ ಊರಿನ ಮದುವೆಯಲ್ಲಿ ಯೇಸು ಆರು ಬಾನೆ ದ್ರಾಕ್ಷಾರಸ ಕೊಟ್ಟನಲ್ಲ ಎಂದು ವಾದಿಸುವವರಿಗೆ ಒಂದೇ ಮಾತು, ಅಲ್ಲಿ ಯಾರೂ ಬಡ್ಡಿಗೆ ತರಲಿಲ್ಲ.

ಪಕ್ಕದ ಮನೆಯವರು ಗಲ್ಫಿಂದ ಬಂದು ಎರಡಂತಸ್ತಿನ ಮನೆ ಕಟ್ಟಿದ್ರು. ನೋಡಿದ್ರೆ ಹೊಟ್ಟೆ ಉರಿಯುತ್ತೆ, ಏನ್ಮಾಡ್ಲಿ?

ನೆರೆಯವನ ಮನೆಯನ್ನು ಆಶಿಸಬೇಡ ಎಂದು ದಶಾಜ್ಞೆಯಲ್ಲೇ ಬಂದಿದೆ (ವಿಮೋಚನಕಾಂಡ 20:17), ಅಂದರೆ ಈ ಉರಿ ಹಳೆಯದು. ಅದನ್ನು ಅದುಮಿದರೆ ಹೋಗುವುದಿಲ್ಲ. ಆ ಮನೆಯವರ ಹೆಸರು ಹಿಡಿದು, ಅವರ ಮನೆಗಾಗಿಯೇ ಸ್ತೋತ್ರ ಹೇಳಿ. ಮೊದಲ ವಾರ ಸುಳ್ಳೆನಿಸುತ್ತದೆ, ಹೇಳುತ್ತಿರಿ. ಒಮ್ಮೆ ಹೋಗಿ ಬನ್ನಿ. ಹೊರಗಿನಿಂದ ಕಾಣುವುದು ಗ್ರಾನೈಟು. ಒಳಗೆ ವರ್ಷಕ್ಕೊಮ್ಮೆ ಬರುವ ಅಪ್ಪ, ಬೀಗ ಹಾಕಿದ ಮೇಲಂತಸ್ತು, ಒಬ್ಬರೇ ಇರುವ ಮುದುಕರು ಇರಬಹುದು. ರಾತ್ರಿ ಮಲಗುವ ಮೊದಲು ಬೇರೆಯವರ ಸ್ಟೇಟಸ್ ನೋಡುವುದನ್ನು ಈಸ್ಟರಿಗೆ ಮೊದಲಿನ ತಪಸ್ಸುಕಾಲದ ನಲವತ್ತು ದಿನ ಬಿಟ್ಟು ನೋಡಿ, ಮೀನು ಬಿಡುವುದಕ್ಕಿಂತ ಕಷ್ಟದ ಉಪವಾಸ ಅದು.

## ಕಠಿಣ ಪ್ರಶ್ನೆಗಳು

ಗುಡ್ಡ ಕುಸೀತು, ನೆರೆ ಬಂತು, ಬೋಟು ಹೋಯ್ತು. ಅದಕ್ಕೂ ಸ್ತೋತ್ರ ಹೇಳ್ಬೇಕಾ?

1 ಥೆಸಲೊನೀಕ 5:18 ಹೇಳುವುದು ಎಲ್ಲ ಸ್ಥಿತಿಗಳಲ್ಲೂ ಕೃತಜ್ಞರಾಗಿರಿ ಎಂದು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದಂಥ ಸಾವುನೋವಿಗೆ ‘ವಂದನೆ’ ಹೇಳಿಸುವ ವಚನ ಅದಲ್ಲ. ಕೀರ್ತನೆಗಳಲ್ಲಿ ಮೂರರಲ್ಲೊಂದು ಭಾಗದಷ್ಟು ಗೋಳಾಟ, ಜಗಳ, ‘ಎಷ್ಟರವರೆಗೆ ಕರ್ತನೇ’ ಎಂಬ ಕೂಗು. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬ ತನ್ನ ಹೆಸರಿನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಕೊಟ್ಟವನೇ ತಕ್ಕೊಂಡ ಎಂದದ್ದನ್ನು ಎಲ್ಲರೂ ಹೇಳುತ್ತಾರೆ; ಮೂರನೇ ಅಧ್ಯಾಯದಲ್ಲಿ ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಕೊನೆಗೆ ದೇವರು ಸಿಟ್ಟಾದದ್ದು ಕಾರಣ ವಿವರಿಸಲು ಬಂದ ಗೆಳೆಯರ ಮೇಲೆ (42:7).

ಹಬಕ್ಕೂಕ 3:17-18 ಓದಿ. ಅಂಜೂರ ಚಿಗುರದಿದ್ದರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ಎಂದು ನಷ್ಟವನ್ನು ಒಂದೊಂದಾಗಿ ಎಣಿಸಿದ ಮೇಲೆ ‘ಆದರೂ’ ಬರುತ್ತದೆ. ಎಣಿಸದೆ ‘ಆದರೂ’ಗೆ ಹಾರಬೇಡಿ, ಹಾರಿಸಲೂ ಬೇಡಿ. ದುಃಖದ ಮನೆಗೆ ಹೋದವರು ‘ದೇವರ ಚಿತ್ತ’, ‘ನಿಮಗಿಂತ ಕಷ್ಟದವರಿದ್ದಾರೆ’ ಎಂಬೆರಡು ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಪರಿಹಾರದ ಅರ್ಜಿ ತುಂಬಿಸಿಕೊಡಿ, ಮಕ್ಕಳನ್ನು ನಾಲ್ಕು ದಿನ ನಿಮ್ಮಲ್ಲಿಟ್ಟುಕೊಳ್ಳಿ. ಅವರ ಸ್ತೋತ್ರ ಅವರಿಗೆ ಬಂದಾಗ ಬರಲಿ.

ಕೂಲಿ ಹೆಚ್ಚು ಕೇಳಿದ್ರೆ ‘ಸಿಕ್ಕಿದ್ದರಲ್ಲಿ ತೃಪ್ತಿಪಡು ಅಂತ ಬೈಬಲೇ ಹೇಳ್ತದೆ’ ಅಂತಾರೆ. ನಾವು ಸುಮ್ಮನಿರಬೇಕಾ?

ಅವರು ತೋರಿಸುವುದು ಲೂಕ 3:14. ಸ್ನಾನಿಕ ಯೊವಾನ್ನ ಅದನ್ನು ಹೇಳಿದ್ದು ಸಿಪಾಯಿಗಳಿಗೆ, ಜನರನ್ನು ಹೆದರಿಸಿ ಹಣ ಕಿತ್ತುಕೊಳ್ಳುತ್ತಿದ್ದವರಿಗೆ. ಬಲವಿದ್ದವರ ಕೈ ಕಟ್ಟುವ ಮಾತನ್ನು ಬಲವಿಲ್ಲದವರ ಬಾಯಿ ಕಟ್ಟಲು ಬಳಸುವುದು ಅನ್ಯಾಯ. ಕೂಲಿಯವನ ಕೂಲಿ ರಾತ್ರಿ ಕಳೆದು ಬೆಳಗಾಗುವ ತನಕ ನಿನ್ನಲ್ಲಿರಬಾರದು (ಯಾಜಕಕಾಂಡ 19:13), ಹಿಡಿದಿಟ್ಟ ಕೂಲಿ ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆ (ಯಾಕೋಬ 5:4), ಇವೂ ಬೈಬಲಿನವೇ. 1891ರಲ್ಲಿ 13ನೇ ಲಿಯೋ ಪೋಪರು ಹೊರಡಿಸಿದ ‘ರೇರುಮ್ ನೊವಾರುಮ್’ ಪತ್ರ, ಕೂಲಿ ಎಂದರೆ ಮಿತವ್ಯಯದ ಕೆಲಸಗಾರ ಬದುಕಲು ಸಾಲುವಷ್ಟಿರಬೇಕು, ಕಷ್ಟಕ್ಕೆ ಸಿಕ್ಕಿ ಕಡಿಮೆಗೆ ಒಪ್ಪಿಕೊಂಡರೂ ಅದು ನ್ಯಾಯವಲ್ಲ ಎಂದಿತು. ನ್ಯಾಯದ ಕೂಲಿ ಕೇಳುವುದಕ್ಕೂ ತೃಪ್ತಿಗೂ ವಿರೋಧವಿಲ್ಲ. ಕೂಲಿ ಕೇಳಿ, ಗುಂಪಾಗಿ ಕೇಳಿ, ದಿನದ ಲೆಕ್ಕ ಬರೆದಿಟ್ಟುಕೊಂಡು ಕೇಳಿ.

ತೋಟದ ಯಜಮಾನರಾದವರಿಗೂ ಇದೇ ಉತ್ತರದಲ್ಲಿ ಪಾಲಿದೆ. ಅಡಿಕೆಗೆ ಒಳ್ಳೆ ದರ ಬಂದದ್ದಕ್ಕೆ ಕೃತಜ್ಞತಾ ಪೂಜೆ ಹೇಳಿಸುವ ಮೊದಲು, ಮರ ಹತ್ತಿ ಕೊನೆ ಇಳಿಸಿದ ಕೊನೆಗೌಡನ ಲೆಕ್ಕ, ರಾತ್ರಿ ತನಕ ಕೂತು ಅಡಿಕೆ ಸುಲಿದ ಹೆಂಗಸರ ಲೆಕ್ಕ ಮುಗಿದಿದೆಯೇ ನೋಡಿ. ದರ ಏರಿದ ವರ್ಷ ಅವರ ಕೂಲಿಯೂ ಏರಿತೇ?

ಹೆದ್ದಾರಿಗೆ ಜಾಗ ಹೋಯ್ತು, ಒಮ್ಮೆಲೇ ದೊಡ್ಡ ಮೊತ್ತ ಬಂತು. ಈಗ ಅಣ್ಣತಮ್ಮಂದಿರಲ್ಲಿ ಮಾತಿಲ್ಲ.

ಯೇಸು ಹೇಳಿದ ಬುದ್ಧಿಹೀನ ಐಶ್ವರ್ಯವಂತನ ಸಾಮತಿ (ದೃಷ್ಟಾಂತದ ಕತೆ) ಶುರುವಾಗುವುದೇ ಆಸ್ತಿ ಪಾಲಿನ ಜಗಳದಿಂದ (ಲೂಕ 12:13). ಪಾಲು ಮಾಡಿಸಿಕೊಡು ಎಂದು ಒಬ್ಬ ಕೇಳುತ್ತಾನೆ, ಯೇಸು ನ್ಯಾಯಾಧಿಪತಿಯಾಗಲು ಒಪ್ಪದೆ ಕತೆ ಹೇಳುತ್ತಾನೆ. ಕತೆಯ ಮನುಷ್ಯ ಕಳ್ಳನಲ್ಲ, ಅವನ ಭೂಮಿ ಚೆನ್ನಾಗಿ ಬೆಳೆಯಿತು ಅಷ್ಟೇ. ಆದರೆ ಅವನ ಮಾತು ಗಮನಿಸಿ: ನನ್ನ ಬೆಳೆ, ನನ್ನ ಕಣಜ, ನನ್ನ ಸರಕು. ಇಡೀ ಲೆಕ್ಕದಲ್ಲಿ ಇನ್ನೊಬ್ಬ ಮನುಷ್ಯನಿಲ್ಲ.

ಹಣ ಬಂದ ಮೂರು ತಿಂಗಳು ದೊಡ್ಡ ತೀರ್ಮಾನ ಬೇಡ. ಕಾರು, ಪಾಲುದಾರಿಕೆ, ಯಾರದೋ ಸಾಲಕ್ಕೆ ಜಾಮೀನು ಮೂರೂ ಬೇಡ. ಬ್ಯಾಂಕಿನಲ್ಲಿ ಅಲ್ಪಾವಧಿ ಠೇವಣಿ ಇಡಿ. ಮೊದಲು ಪಾಲು: ಕಾಗದದಲ್ಲಿ ಹೆಸರಿಲ್ಲದಿದ್ದರೂ ಆ ಜಾಗದಲ್ಲಿ ದುಡಿದ ತಂಗಿ, ವಿಧವೆ ಅತ್ತಿಗೆ ಇದ್ದಾರೆಯೇ ನೋಡಿ. ವಕೀಲರ ಬಳಿ ಹೋಗುವ ಮೊದಲು ಹಿರಿಯರೊಬ್ಬರನ್ನು ಕೂರಿಸಿ, ಆದದ್ದನ್ನು ಬರೆದು ಎಲ್ಲರ ಸಹಿ ಹಾಕಿಸಿ. ಬಾಯಿಮಾತಿನ ಪಾಲು ಮುಂದಿನ ತಲೆಮಾರಿಗೆ ಜಗಳವಾಗಿ ಇಳಿಯುತ್ತದೆ. ಎರಡನೆಯದು ಬಡ್ಡಿ ಹೆಚ್ಚಿರುವ ಸಾಲ. ಮೂರನೆಯದು ಕೊಡುವ ಪಾಲು, ಉಳಿದದ್ದರಲ್ಲಿ ಅಲ್ಲ, ಈ ಹಂತದಲ್ಲೇ. ಆಮೇಲೆ ಮನೆ, ಮಕ್ಕಳ ಓದು.

ಅನುಕೂಲ ಆದ್ಮೇಲೆ ಪ್ರಾರ್ಥನೆ ಕಡಿಮೆಯಾಗಿದೆ. ಇದು ಸಹಜವಾ?

ಸಹಜ. ಒಳ್ಳೆ ಮನೆ ಕಟ್ಟಿ, ದನಕುರಿ, ಬೆಳ್ಳಿಬಂಗಾರ ಹೆಚ್ಚಿದಾಗ ‘ನನ್ನ ಕೈಬಲದಿಂದಲೇ ಬಂತು’ ಎಂದುಕೊಂಡೀಯೆ ಎಂದು ಧರ್ಮೋಪದೇಶಕಾಂಡ 8:12-17 ಮೊದಲೇ ಎಚ್ಚರಿಸುತ್ತದೆ. ಲೊಯೋಲದ ಸಂತ ಇಗ್ನೇಷಿಯಸರು ಕಲಿಸಿದ ದಿನದ ಆತ್ಮಪರಿಶೀಲನೆಗೆ ಐದು ಹೆಜ್ಜೆ: ಪಡೆದದ್ದಕ್ಕೆ ವಂದನೆ, ಬೆಳಕಿಗಾಗಿ ಬೇಡಿಕೆ, ಗಂಟೆ ಗಂಟೆಯಾಗಿ ದಿನದ ಅವಲೋಕನ, ಕ್ಷಮೆ, ನಾಳೆಗೆ ನಿರ್ಧಾರ. ಪಾಪದ ಪಟ್ಟಿಗಿಂತ ಮೊದಲು ವಂದನೆ ಇರುವುದನ್ನು ನೋಡಿ. ಹತ್ತು ನಿಮಿಷ ಸಾಕು. ಹಾಸಿಗೆಯಲ್ಲಿ ಮಾಡಿದರೆ ಎರಡನೇ ಹೆಜ್ಜೆಗೆ ನಿದ್ದೆ ಬರುತ್ತದೆ, ಕುರ್ಚಿಯಲ್ಲಿ ಕೂತು ಮಾಡಿ.

ಕಷ್ಟಕ್ಕಾದ್ವಿ, ಅವರು ಒಂದು ಥ್ಯಾಂಕ್ಸೂ ಹೇಳಲಿಲ್ಲ. ಇನ್ನು ಮುಂದೆ ಯಾಕೆ ಕೊಡ್ಬೇಕು?

ಹತ್ತು ಕುಷ್ಠರೋಗಿಗಳಲ್ಲಿ ಹಿಂತಿರುಗಿದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವರೆಂದು ಕಾಣುತ್ತಿದ್ದ ಸಮಾರ್ಯದವನು (ಲೂಕ 17:11-19). ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ್ದು ನಿಜ, ಬೇಸರ ಸಹಜ. ಆದರೆ ಆ ಒಂಬತ್ತು ಜನರಿಗೆ ರೋಗ ಮರಳಿ ಬಂತೆಂದು ಎಲ್ಲೂ ಬರೆದಿಲ್ಲ. ಕೆಲವರಿಗೆ ಪಡೆದದ್ದೇ ನಾಚಿಕೆ, ಅದಕ್ಕೆ ಎದುರು ಸಿಕ್ಕಾಗ ದಾರಿ ಬದಲಿಸುತ್ತಾರೆ. ಅವರ ಹೆಸರನ್ನು ಚರ್ಚಿನಲ್ಲಿ ಓದಿಸುವುದು, ಅಕ್ಕಿಚೀಲ ಕೊಡುವ ಫೋಟೋ ಗುಂಪಿಗೆ ಹಾಕುವುದು ನಡೆದಿದ್ದರೆ ಆ ನಾಚಿಕೆ ಇನ್ನೂ ಹೆಚ್ಚು. ಮುಂದಿನ ಸಲ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಮೂಲಕವೋ ಫಾದರ್ ಕೈಯಲ್ಲೋ ಕೊಟ್ಟು, ನಿಮ್ಮ ಹೆಸರು ಹೇಳಬೇಡಿ ಎಂದು ತಿಳಿಸಿ. ಶಾಲೆ ಫೀ ಆದರೆ ನೇರ ಶಾಲೆಗೆ ಕಟ್ಟಿ, ರಸೀದಿಯನ್ನು ಮಗುವಿನ ಹೆಸರಲ್ಲೇ ಮಾಡಿಸಿ.